ರೋಹಿಣಿ ಮುಗಿಯುವ ತನಕ

ಬೆಳಿಗ್ಗೆ ಮಗಳಿಗೆ ನೋವು ಶುರುವಾದಾಗ ಗುಣವತಿ ಶೆಡ್ತಿ ಹೇಳಿದ್ದು ಹಸಿ ಹಸಿ ಸುಳ್ಳು.

"ಇದು ಸುಳ್ಳು ನೋವು ಮಗಾ. ಚೊಚ್ಚಲು ಅಲ್ವಾ, ಹೀಗೇ ಬರ್ತದೆ, ಹೋಗ್ತದೆ. ಒಂದು ಲೋಟ ಗಂಜಿ ಕುಡಿದು ಮಲಗು."

ಎರಡು ಹೆತ್ತವಳಿಗೆ ನಿಜ ನೋವು ಯಾವುದು, ಸುಳ್ಳು ನೋವು ಯಾವುದು ಎಂದು ಗೊತ್ತಾಗುವುದಿಲ್ಲವೇ? ಶಶಿಪ್ರಭಾ ಬಾಗಿಲ ದಾರಂದ ಹಿಡಿದುಕೊಂಡು ಬಗ್ಗಿ, ತುಟಿ ಕಚ್ಚಿ, ಮತ್ತೆ ಮೆಲ್ಲಗೆ ನೆಟ್ಟಗಾದ ರೀತಿ ನೋಡಿದ ಯಾವ ಹೆಂಗಸಿಗಾದರೂ ತಿಳಿಯುತ್ತಿತ್ತು. ಗುಣವತಿಗೂ ತಿಳಿಯಿತು. ತಿಳಿದೇ ಸುಳ್ಳು ಹೇಳಿದಳು. ಹೇಳಿಸಿದವನು ಅವಳ ಮಗ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಹೇಳಿಸಿದ.

ಮಗ ಜಯಪಾಲ ಅಂದರೆ ಆ ಮನೆಯ ಯಜಮಾನ. ಬಂಟರ ಮನೆಯಲ್ಲಿ ಮಗಳ ಮಕ್ಕಳೇ ಮನೆಯ ಮಕ್ಕಳು, ಆ ಮಕ್ಕಳಿಗೆ ಸೋದರಮಾವನೇ ದೊಡ್ಡವನು, ಅವನು ಹೇಳಿದ ಮೇಲೆ ಎರಡನೇ ಮಾತಿಲ್ಲ. ಉಳುವವನಿಗೇ ಭೂಮಿ ಎನ್ನುವ ಡಿಕ್ಲರೇಶನ್ ಬಂದು ಗದ್ದೆಗಳೆಲ್ಲ ಒಕ್ಕಲಿನವರ ಪಾಲಾಗಿ, ಉರ್ವದಲ್ಲಿ ಈ ಹೆಂಚಿನ ಮನೆಯೊಂದು ಉಳಿದಿತ್ತು. ಗದ್ದೆ ಹೋದರೂ ಯಜಮಾನಿಕೆಯ ಗತ್ತು ಹೋಗಿರಲಿಲ್ಲ. ಬಿ.ಕಾಂ. ಓದಿದವನು, ಪೇಟೆಯಲ್ಲಿ ಹೋಟೆಲು ನಡೆಸುವವನು, ದಿನಾ ಇಂಗ್ಲಿಷ್ ಪೇಪರು ಬಿಡಿಸಿ ಕೂತು ಇಂದಿರಾ ಗಾಂಧಿಗೂ ಮೊರಾರ್ಜಿಗೂ ಬುದ್ಧಿ ಹೇಳುವವನು. ಇಂಥವನು ತಂಗಿಗೆ ದಿನ ತುಂಬುತ್ತಿದ್ದಂತೆ ಜೋಯಿಸರ ಮನೆ ಬಾಗಿಲು ತಟ್ಟಿ ಬಂದಿದ್ದ.

ಜೋಯಿಸರ ಮಾತೆಂದು ಅವನು ತಾಯಿಗೆ ಹೇಳಿದ್ದು ಇಷ್ಟೇ. ರೋಹಿಣಿ ನಕ್ಷತ್ರದಲ್ಲಿ ಮಗು ಹುಟ್ಟಿದರೆ ಸೋದರಮಾವನಿಗೆ ಕಂಟಕ. ಆ ದಿನವೊಂದು ದಾಟಿದರೆ ಸಾಕು, ಮತ್ತೆ ಯಾವ ಹೆದರಿಕೆಯೂ ಇಲ್ಲ.

ಹಾಳಾದ ರೋಹಿಣಿ ಇವತ್ತೇ ಬಂದು ಕೂತಿತ್ತು. ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದಂತೆ.

"ಸಂಜೆ ತನಕ ತಡೆದುಕೊಂಡರೆ ಆಯ್ತಲ್ಲ ಅಮ್ಮ," ಎಂದ ಜಯಪಾಲ, ತಂಗಿಗೆ ಕೇಳಿಸದಂತೆ. "ಚೊಚ್ಚಲು ಹೆರಿಗೆ ಹೇಗೂ ತಡ. ಈಗ ಆಸ್ಪತ್ರೆಗೆ ಹೋದರೆ ಅವರು ಇಂಜೆಕ್ಷನ್ ಕೊಟ್ಟು ಬೇಗ ಹೆರಿಸಿಬಿಡ್ತಾರೆ. ದೀಪ ಹಚ್ಚಿದ ಮೇಲೆ ನಾನೇ ಕಾರು ತರ್ತೇನೆ." ಹಾಗೆ ಹೇಳಿ ಅಂಬಾಸಿಡರ್ ಹತ್ತಿ ಹೋಟೆಲಿಗೆ ಹೋದ. ಹೋಟೆಲಿಗೆ ಹೋಗಲು ದಿನಾ ಸ್ಕೂಟರ್ ಸಾಕಾಗುತ್ತಿತ್ತು, ಇವತ್ತು ಕಾರೇ ಬೇಕಾಯಿತು.

ಗುಣವತಿ ಯಾಕೆ ಒಪ್ಪಿದಳು? ಅವಳೇನು ದಡ್ಡಿಯಲ್ಲ. ಮೀನಿನವಳು ಬುಟ್ಟಿ ಇಳಿಸುವ ಮೊದಲೇ ಮೀನು ನಿನ್ನೆಯದು ಎಂದು ಹೇಳುವ ಹೆಂಗಸು. ಆದರೆ ಅವಳ ಸ್ವಂತ ಅಣ್ಣ ಗುಣಪಾಲ ಚಿಕ್ಕ ಪ್ರಾಯದಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಆಗ ಊರವರೆಲ್ಲ ರೋಹಿಣಿಯನ್ನೇ ಹೇಳಿದ್ದರು. ಆ ಮಾತು ಅವಳ ಹೊಟ್ಟೆಯಲ್ಲಿ ಹಾಗೇ ಇತ್ತು. ಅಣ್ಣ ಹೋದ, ಮಗನೂ ಹೋದರೆ ಎನ್ನುವ ಭಯ ಅವಳ ಬಾಯಿ ಕಟ್ಟಿತು. ಇರುವವನು ಒಬ್ಬನೇ ಮಗ. ಇರುವವಳು ಒಬ್ಬಳೇ ಮಗಳು ಎಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನದ ತನಕ ಶಶಿಪ್ರಭಾ ತಾಯಿಯ ಮಾತು ನಂಬಿದಳು. ನೋವು ಬಂದಾಗಲೆಲ್ಲ "ಅಮ್ಮ, ಸುಳ್ಳು ನೋವು ಇಷ್ಟು ಜೋರಾ? ಹಾಗಾದರೆ ನಿಜದ್ದು ಬಂದರೆ ನಾನು ಸತ್ತೇ ಹೋಗ್ತೇನೆ," ಎಂದು ನಗಲು ನೋಡಿದಳು. ಆ ನಗು ನೋಡಿ ಗುಣವತಿಗೆ ತಲೆ ಎತ್ತಲಾಗಲಿಲ್ಲ. ಬೆನ್ನಿಗೆ ತೆಂಗಿನೆಣ್ಣೆ ತಿಕ್ಕಿದಳು. ಮತ್ತೆ ಮತ್ತೆ ಅಂಗಳಕ್ಕೆ ಹೋಗಿ ಬಿಸಿಲು ಎಲ್ಲಿಗೆ ಬಂತೆಂದು ನೋಡಿದಳು. ಬಿಸಿಲು ಅಂಗಳ ಬಿಟ್ಟು ಅಲ್ಲಾಡುವಂತೆ ಕಾಣಲಿಲ್ಲ.

ಊಟದ ಹೊತ್ತಿಗೆ ನೀರಿನ ಚೀಲ ಒಡೆಯಿತು. ನೆಲ ಒರೆಸಲು ಬಟ್ಟೆ ಹಿಡಿದು ಬಗ್ಗಿದ ಗುಣವತಿ ಹಾಗೇ ನಿಂತುಬಿಟ್ಟಳು. ನೀರು ಹಸಿರಾಗಿತ್ತು.

ಪಕ್ಕದ ಮನೆಗೆ ಓಡಿ ಹೋಟೆಲಿಗೆ ಫೋನು ಮಾಡಿದಳು. "ನೀರು ಹೋಯಿತು ಮಗಾ, ಹಸಿರು ನೀರು. ಕಾರು ತಾ."

ಆ ಕಡೆಯಿಂದ ಲೋಟ ತೊಳೆಯುವ ಸದ್ದು, ಯಾರೋ ಚಾ ಕೇಳುವುದು, ಎಲ್ಲ ಕೇಳಿಸುತ್ತಿತ್ತು. ಆಮೇಲೆ ಜಯಪಾಲನ ದನಿ ಬಂತು. "ಇನ್ನು ಸ್ವಲ್ಪ ಹೊತ್ತು ಅಲ್ವಾ ಅಮ್ಮ. ಹೇಗಾದರೂ ಮಾಡಿ..."

"ನಿನ್ನ ತಲೆ!" ಎಂದು ಗುಣವತಿ ಫೋನು ಕುಕ್ಕಿದಳು. ಮಗ ಯಜಮಾನನಾದ ಮೇಲೆ ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಯಿಲ್ಲದೆ, ಸುಡುವ ಡಾಮರಿನ ಮೇಲೆ ಉರ್ವ ಮಾರ್ಕೆಟಿನ ತನಕ ಓಡಿದಳು. ಎಲ್ಲರೂ ಬಾವ ಎಂದೇ ಕರೆಯುವ ಡ್ರೈವರ್ ಅಹ್ಮದ್ ತನ್ನ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಚಾಚಿ ಮಲಗಿದ್ದ. ಅವನ ಕಾಲು ಹಿಡಿದೇ ಎಬ್ಬಿಸಿದಳು. ಅವನು ಏನು ಎತ್ತ ಎಂದು ಕೇಳಲಿಲ್ಲ. ಮನೆಯೊಳಗೆ ಬಂದು ಶಶಿಪ್ರಭಾಳನ್ನು ನೋಡಿದವನೇ, "ಅಲ್ಲ ಅಕ್ಕ, ಇಷ್ಟರ ತನಕ ಎಂತ ಮಾಡ್ತಾ ಇದ್ರಿ ನೀವು?" ಎಂದ. ಆಸ್ಪತ್ರೆಯ ಗುಡ್ಡ ಹತ್ತುವ ತನಕ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲೂ ಅದೇ ಪ್ರಶ್ನೆ. ಡಾಕ್ಟರ್ ಗ್ಲ್ಯಾಡಿಸ್ ಹೊಟ್ಟೆಯ ಮೇಲೆ ಕಿವಿಗೊಟ್ಟು ಆಲಿಸಿ, ಮುಖ ಗಂಟಿಕ್ಕಿ ಹೊರಗೆ ಬಂದರು.

"ನೋವು ಯಾವಾಗ ಶುರುವಾದದ್ದು?"

"ಬೆಳಿಗ್ಗೆ."

"ಬೆಳಿಗ್ಗೆ! ಮತ್ತೆ ಈಗ ತರ್ತೀರಲ್ಲ, ಮನೆಯಲ್ಲಿ ಎಂತ ಹಬ್ಬ ಉಂಟಾ? ಮಗು ಒಳಗೇ ಕಕ್ಕ ಮಾಡಿದೆ. ಅದು ಮೂಗಿಗೆ, ಬಾಯಿಗೆ ಹೋದರೆ ಉಸಿರು ಕಟ್ತದೆ. ಎದೆ ಬಡಿತ ಈಗಲೇ ಸರಿ ಇಲ್ಲ. ನಾನು ನನ್ನಿಂದ ಆದದ್ದು ಮಾಡ್ತೇನೆ. ಮಗುವಿಗೆ ಏನಾದರೂ ಆದರೆ ಆಮೇಲೆ ನನ್ನನ್ನು ಕೇಳ್ಬೇಡಿ."

ಗುಣವತಿ ಬೆಂಚಿನ ಮೇಲೆ ಕೂತಳು. ಕೂರಲಾಗದೆ ಎದ್ದಳು. ಒಳಗಿಂದ ಮಗಳ ಕೂಗು ಕೇಳಿದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಪಕ್ಕದ ಮನೆಯವರು ಫೋನಿನಲ್ಲಿ ತಿಳಿಸಿ ಜಯಪಾಲ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಬೆವರಿನ ದೊಡ್ಡ ಕಲೆ. ತಂಗಿ ಹೇಗಿದ್ದಾಳೆ ಎಂದು ಕೇಳುವ ಮೊದಲು ಕಿಟಕಿಯಿಂದ ಹೊರಗೆ ನೋಡಿದ. ಹೊರಗೆ ಇನ್ನೂ ಬೆಳಕಿತ್ತು.

"ಆಗಿಲ್ಲ ಅಲ್ವಾ?"

"ಇಲ್ಲ."

"ಅಮ್ಮ, ಒಂದು ಕೆಲಸ ಮಾಡು. ಗಂಡಸರನ್ನು ಒಳಗೆ ಬಿಡುವುದಿಲ್ಲ. ನೀನು ಹೋಗಿ ಡಾಕ್ಟರಮ್ಮನ ಹತ್ತಿರ ಕೇಳು. ನೋವು ಸ್ವಲ್ಪ ನಿಲ್ಲಿಸುವ ಇಂಜೆಕ್ಷನ್ ಉಂಟಂತೆ. ಇನ್ನು ಎಷ್ಟು ಹೊತ್ತು? ದೀಪ ಹಚ್ಚುವ ಹೊತ್ತು ಆಗ್ತಾ ಬಂತು. ಅಷ್ಟು ತಡೆದರೆ ಸಾಕು."

ಗುಣವತಿ ಅವನ ಮುಖ ನೋಡಿದಳು. ಇವನು ತನ್ನ ಹೊಟ್ಟೆಯಲ್ಲೇ ಹುಟ್ಟಿದವನಾ ಎಂದು ಅನುಮಾನ ಬರುವಂತೆ ನೋಡಿದಳು.

"ಒಳಗೆ ಮಗು ಹೇಲು ನುಂಗ್ತಾ ಉಂಟು," ಎಂದಳು. "ನಿನಗೆ ಇಂಜೆಕ್ಷನ್ ಬೇಕಾ?"

"ನನಗೂ ಮಕ್ಕಳಿದ್ದಾರೆ ಅಮ್ಮ. ನಾನು ಹೋದರೆ ಅವರಿಗೆ ಯಾರು? ನಿನಗೆ ಯಾರು? ನಾನೇನು ನನಗೋಸ್ಕರ ಹೇಳ್ತಿದ್ದೇನಾ? ಗುಣಪಾಲ ಮಾವನಿಗೆ ಎಂತ ಆಯ್ತು ಅಂತ ಗೊತ್ತಿದ್ದೂ ನೀನು ಹೀಗೆ..."

ಅವನು ನಿಜವಾಗಿಯೂ ಹೆದರಿದ್ದ. ಅದು ಕಂಡು ಗುಣವತಿಗೆ ಒಂದು ಕ್ಷಣ ಅಯ್ಯೋ ಅನಿಸಿದ್ದೂ ಹೌದು. ಆದರೆ ಅಣ್ಣನ ಹೆಸರು ಅವನ ಬಾಯಲ್ಲಿ ಬಂದದ್ದೇ ತಡ, ಎದೆಯೊಳಗೆ ಇಷ್ಟು ವರ್ಷ ಮುಚ್ಚಿಟ್ಟದ್ದೆಲ್ಲ ಉಕ್ಕಿ ಬಂತು.

"ಅವನ ಹೆಸರು ಎತ್ತಬೇಡ! ಅವನ ಹೆಸರು ಎತ್ತುವ ಯೋಗ್ಯತೆ ನಿನಗಿಲ್ಲ. ರೋಹಿಣಿಯಲ್ಲಿ ಹುಟ್ಟಿ ಅವನನ್ನು ತಿಂದದ್ದು ಅಂತ ಊರವರು ಹೇಳಿದ್ದು ಯಾರನ್ನು? ನಿನ್ನನ್ನು! ನಿನ್ನನ್ನೇ ಹೆರುವಾಗ ಜೋಯಿಸರು ಇದೇ ಮಾತು ಹೇಳಿದ್ದು. ನನ್ನ ಅಣ್ಣ ಎಂತ ಮಾಡಿದ ಗೊತ್ತುಂಟಾ? ನನಗೆ ನೋವು ಬಂದದ್ದೇ ಸೂಲಗಿತ್ತಿಯನ್ನು ಕರ್ಕೊಂಡು ಬರ್ಲಿಕ್ಕೆ ಹೊಳೆ ದಾಟಿ ಓಡಿದ. ನೀನು ಹುಟ್ಟಿದ ಕೂಡಲೇ ಎಲ್ಲರೂ ಬೇಡ ಬೇಡ ಅಂದರೂ ಕೇಳದೆ ತೊಡೆ ಮೇಲೆ ಹಾಕ್ಕೊಂಡು, ಬಂದಿಯಾ ಮಾರಾಯ, ಬಾ ಅಂತ ನಕ್ಕ. ನಾಲ್ಕು ವರ್ಷ ನಿನ್ನನ್ನು ಹೆಗಲಿನಿಂದ ಇಳಿಸಲಿಲ್ಲ. ಅವನು ಸತ್ತದ್ದು ಜ್ವರದಿಂದ, ನಿನ್ನಿಂದ ಅಲ್ಲ ಅಂತ ನಾನು ಊರಿಡೀ ಜಗಳ ಮಾಡಿ ನಿನ್ನನ್ನು ಬೆಳೆಸಿದೆ. ಅವನೂ ನಿನ್ನ ಹಾಗೆ ಹೆದರಿ ಕೂತಿದ್ದರೆ ನೀನು ಎಲ್ಲಿರ್ತಿದ್ದೆ?"

ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಜಯಪಾಲ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಮೆಲ್ಲ ಅಮ್ಮ, ಜನ ನೋಡ್ತಾರೆ," ಎಂದ. ಅವನಿಗೆ ಕೇಳಿಸಿದ್ದು ಅಷ್ಟೇ ಇರಬೇಕು.

ಆಗಲೇ ನರ್ಸು ಬಾಗಿಲು ತೆರೆದು, "ಶಶಿಪ್ರಭಾ ಅವರ ತಾಯಿ ಯಾರು? ಒಮ್ಮೆ ಒಳಗೆ ಬನ್ನಿ, ಕರೀತಾ ಇದ್ದಾರೆ," ಎಂದಳು.

ಶಶಿಪ್ರಭಾಳ ಮುಖ ಸುಣ್ಣವಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಗುಣವತಿ ಕೈ ಹಿಡಿದಳು. ಮಗಳು ಆ ಕೈಯನ್ನು ಗಟ್ಟಿಯಾಗಿ ಹಿಡಿದು, ನೋವು ಇಳಿಯುವ ತನಕ ಕಾದು, ಆಮೇಲೆ ಕೇಳಿದಳು.

"ಅಮ್ಮ, ಡಾಕ್ಟ್ರು ಹೇಳ್ತಾರೆ ಬೆಳಿಗ್ಗೆಯದ್ದೇ ನಿಜ ನೋವು ಅಂತ. ನಿನಗೆ ಗೊತ್ತಾಗ್ಲಿಲ್ವಾ?"

ಇನ್ನೊಂದು ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! ಗೊತ್ತಾಗಲಿಲ್ಲ ಮಗಾ, ಪ್ರಾಯವಾಯಿತು, ಮರೆತುಹೋಗಿದೆ ಎಂದರೆ ಮುಗಿಯಿತು. ಮಗಳ ಕಣ್ಣೂ ಅದನ್ನೇ ಬೇಡುತ್ತಿತ್ತು.

"ಗೊತ್ತಿತ್ತು," ಎಂದಳು ಗುಣವತಿ. "ರೋಹಿಣಿ ಮುಗಿಯಲಿ ಅಂತ ಜಯಪಾಲ ಹೇಳಿದ. ನಾನು ಕೇಳಿದೆ."

ಶಶಿಪ್ರಭಾ ತಾಯಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಮಂಚದ ಕಬ್ಬಿಣ ಹಿಡಿದಳು.

"ಹೊರಗೆ ಹೋಗು."

"ಮಗಾ..."

"ಹೋಗು! ಸಿಸ್ಟರ್, ಇವರನ್ನು ಹೊರಗೆ ಕಳಿಸಿ!"

ಮುಂದಿನದ್ದೆಲ್ಲ ಗುಣವತಿ ಮುಚ್ಚಿದ ಬಾಗಿಲ ಹೊರಗೆ ನಿಂತು ಕೇಳಿದಳು. ಡಾಕ್ಟರ್ ಗದರಿಸುವುದು, ಮಗಳು ಗಂಟಲು ಹರಿಯುವಂತೆ ಕೂಗುವುದು, ಇಕ್ಕಳ ತನ್ನಿ ಎಂದು ಯಾರೋ ಹೇಳುವುದು. ಆಮೇಲೆ ಎಲ್ಲ ಸದ್ದೂ ಒಟ್ಟಿಗೆ ನಿಂತಿತು. ಮಗು ಅಳಲಿಲ್ಲ. ಗುಣವತಿ ಬಾಗಿಲಿಗೆ ಹಣೆ ಒತ್ತಿ ನಿಂತಳು. ದೇವರ ಹೆಸರು ನೆನಪಿಗೆ ಬರಲಿಲ್ಲ, ಬಂದದ್ದೆಲ್ಲ ಬೈಗುಳ. ಜೋಯಿಸರಿಗೆ ಬೈದಳು, ನಕ್ಷತ್ರಕ್ಕೆ ಬೈದಳು, ಮಗನಿಗೆ ಬೈದಳು. ತನಗೆ ಬೈದುಕೊಳ್ಳಲು ಮಾತ್ರ ಸಾಕಷ್ಟು ಕೆಟ್ಟ ಮಾತು ಸಿಗಲಿಲ್ಲ. ಒಳಗೆ ಯಾರೋ ಮಗುವಿಗೆ ಪಟಪಟನೆ ಬಡಿಯುತ್ತಿದ್ದರು. "ಇನ್ನೊಮ್ಮೆ ಎಳೀರಿ, ಗಂಟಲಲ್ಲಿ ಇನ್ನೂ ಉಂಟು," ಎನ್ನುತ್ತಿದ್ದರು ಡಾಕ್ಟರ್. ಎಷ್ಟೋ ಹೊತ್ತಿನ ಮೇಲೆ ಒಂದು ಸಣ್ಣ ಕೀರಲು ದನಿ ಬಂತು. ಬಂದು ನಿಂತಿತು. ಮತ್ತೆ ಬಂತು. ಈ ಸಲ ನಿಲ್ಲಲಿಲ್ಲ. ಹೊರಗೆ ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ.

"ಹೆಣ್ಣು," ಎಂದಳು ನರ್ಸು ತಲೆ ಹೊರಗೆ ಹಾಕಿ. "ಉಸಿರಾಟ ಸರಿ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು. ಈಗಲೇ ಏನೂ ಹೇಳ್ಲಿಕ್ಕೆ ಆಗುವುದಿಲ್ಲ."

ಜಯಪಾಲನ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ.

"ಹೆಣ್ಣಾ!" ಎಂದು ಎದ್ದೇ ನಿಂತ. ಮುಖಕ್ಕೆ ರಕ್ತ ಬಂತು. "ಅಮ್ಮ, ಹೆಣ್ಣಾದರೆ ದೋಷ ಇಲ್ಲ! ಜೋಯಿಸರು ಹೇಳಿದ್ದಾರೆ, ಗಂಡಿಗೆ ಮಾತ್ರ. ಅಬ್ಬ, ಬದುಕಿದೆ ನಾನು!" ಕಾರಿಡಾರಿನಲ್ಲಿದ್ದವರ ಕೈಯನ್ನೆಲ್ಲ ಹಿಡಿದು ಕುಲುಕಿದ. "ನಮ್ಮಲ್ಲಿ ಹೆಣ್ಣು ಅಂದರೆ ಕುಟುಂಬ ಬೆಳೆಸುವವಳು ಗೊತ್ತುಂಟಾ? ನಮ್ಮ ಮನೆಯ ಮುಂದಿನ ಸಂತಾನ!" ಎಂದು ಹೇಳುತ್ತ, ಲಾಡು ತರಲು ಹೋಟೆಲಿಗೆ ಓಡಿದ. ತಂಗಿ ಹೇಗಿದ್ದಾಳೆ ಎಂದು ಆಗಲೂ ಕೇಳಲಿಲ್ಲ.

ಮಗು ಗಾಜಿನ ಪೆಟ್ಟಿಗೆಯಲ್ಲಿ ಬದುಕಿಗೂ ಸಾವಿಗೂ ನಡುವೆ ಮಲಗಿದ್ದಷ್ಟು ದಿನವೂ ಗುಣವತಿ ವರಾಂಡದ ನೆಲದಲ್ಲೇ ಬಿದ್ದುಕೊಂಡಳು. ಮನೆಯಿಂದ ತರಿಸಿದ ಗಂಜಿಯನ್ನು ಶಶಿಪ್ರಭಾ ಮುಟ್ಟಲಿಲ್ಲ, ನರ್ಸು ಕೊಟ್ಟ ಬ್ರೆಡ್ಡು ತಿಂದಳು. ಬೈಯಲಿಲ್ಲ, ಅಳಲಿಲ್ಲ, ತಾಯಿ ಎದುರು ನಿಂತರೆ ಗೋಡೆಗೆ ಮುಖ ತಿರುಗಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊನೆಗೂ ಡಾಕ್ಟರ್ ಗ್ಲ್ಯಾಡಿಸ್ ಮಗುವನ್ನು ತಾಯಿಯ ಮಗ್ಗುಲಿಗೆ ಹಾಕಿ, "ಗಟ್ಟಿ ಪಿಂಡ. ಇಷ್ಟೆಲ್ಲ ಮಾಡಿದರೂ ಬದುಕಿದೆ," ಎಂದರು. ಹಾಗೆ ಹೇಳುವಾಗ ಗುಣವತಿಯ ಕಡೆಗೇ ನೋಡಿದರು.

ಮನೆಗೆ ಕಳಿಸುವ ದಿನ ಜಯಪಾಲ ಕಾರು ತೊಳೆಸಿ ತಂದಿದ್ದ. ಹಿಂದಿನ ಸೀಟಿಗೆ ಹೊಸ ಬೆಡ್‌ಶೀಟು, ಡಿಕ್ಕಿಯಲ್ಲಿ ತೊಟ್ಟಿಲು. ಆದರೆ ಶಶಿಪ್ರಭಾ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಂದಾಗ ಪಕ್ಕದಲ್ಲಿ ಚೀಲ ಹಿಡಿದು ನಡೆಯುತ್ತಿದ್ದವಳು ಅವಳ ಅತ್ತೆ ಗುಲಾಬಿ. ಗೇಟಿನ ಹತ್ತಿರ ಅಹ್ಮದ್ ಬಾವನ ಟ್ಯಾಕ್ಸಿ ನಿಂತಿತ್ತು.

"ಇದೆಂತ ಅತ್ತೆ?" ಎಂದ ಜಯಪಾಲ. "ಚೊಚ್ಚಲ ಬಾಣಂತನ ತಾಯಿಮನೆಯಲ್ಲಿ ಅಲ್ವಾ? ಜನ ಎಂತ ಹೇಳಿಯಾರು?"

"ನನ್ನನ್ನು ಕೇಳಬೇಡ ಮಾರಾಯ," ಎಂದಳು ಗುಲಾಬಿ. "ಅವಳು ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿ ಗಂಡನಿಗೆ ಹೇಳಿದ್ದಾಳೆ. ನನ್ನ ಮಗ ಚಿತ್ತರಂಜನ ನನಗೆ ಹೇಳಿದ. ನಾನು ಬಂದೆ."

ಜಯಪಾಲ ತಂಗಿಯ ಕಡೆ ತಿರುಗಿ, ನಗುತ್ತ ಕೈ ಚಾಚಿದ. "ಎಂತ ಮಾರಾಯ್ತಿ, ಇಷ್ಟು ಸಿಟ್ಟಾ? ಕೊಡು ನನ್ನ ಸೊಸೆಯನ್ನು."

ಶಶಿಪ್ರಭಾ ಮಗುವನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು. "ಗಂಡಾಗಿದ್ದರೆ ಎತ್ತಿಕೊಳ್ತಿದ್ದೆಯಾ ಅಣ್ಣ?"

ಜಯಪಾಲನ ಚಾಚಿದ ಕೈ ಹಾಗೇ ಉಳಿಯಿತು. "ಹೆಣ್ಣೇ ಆಯ್ತಲ್ಲ. ಈಗ ಯಾಕೆ ಆ ಮಾತು?"

ಅವಳು ತಾಯಿಯ ಕಡೆ ನೋಡಿದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಕಣ್ಣಿಗೆ ಕಣ್ಣಿಟ್ಟು ನೋಡಿದಳು. "ನೀನು ಹೇಳಮ್ಮ. ನೀರು ಹಸಿರಾಗದೆ ಇದ್ದಿದ್ದರೆ ಎಂತ ಮಾಡ್ತಿದ್ದೆ?"

ಜಯಪಾಲ ತಾಯಿಗೆ ಬೇಡ ಬೇಡ ಎಂದು ಕಣ್ಸನ್ನೆ ಮಾಡಿದ. ಗುಲಾಬಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ಸಂಜೆ ತನಕ ಸುಮ್ಮನೆ ಕೂತಿರ್ತಿದ್ದೆ," ಎಂದಳು ಗುಣವತಿ. ಎಲ್ಲರಿಗೂ ಕೇಳುವಂತೆ ಹೇಳಿದಳು. "ನಿನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ, ಸುಳ್ಳು ನೋವು, ಸುಳ್ಳು ನೋವು ಅಂತ ಹೇಳ್ತಾ ಕೂತಿರ್ತಿದ್ದೆ. ಮಗು ಸತ್ತಿದ್ದರೆ ನಿನ್ನ ಹಣೆಬರಹ ಅಂತ ಹೇಳಿ ಅಳ್ತಿದ್ದೆ."

ಶಶಿಪ್ರಭಾ ತಲೆಯಾಡಿಸಿದಳು. ತನಗೆ ಬೇಕಾದ ಉತ್ತರ ಅದೇ ಎಂಬಂತೆಯೂ ಇರಲಿಲ್ಲ, ಬೇಡದ್ದು ಎಂಬಂತೆಯೂ ಇರಲಿಲ್ಲ. ಟ್ಯಾಕ್ಸಿ ಹತ್ತಿದಳು. ಗುಣವತಿ ಹಿಂದೆಯೇ ಹೋಗಿ ಬಾಗಿಲಿಗೆ ಕೈ ಹಾಕಿದಳು.

"ಬೇಡ ಅಮ್ಮ. ನೀನು ಮಗನ ಹತ್ತಿರ ಇರು. ಅವನಿಗೆ ಏನಾದರೂ ಆದರೆ ನೋಡ್ಲಿಕ್ಕೆ ಯಾರಾದರೂ ಬೇಡ್ವಾ?"

ಬಾಗಿಲು ಹಾಕಿಕೊಂಡಿತು. ಅಹ್ಮದ್ ಬಾವ ಹಿಂದಕ್ಕೆ ತಿರುಗಿ ನೋಡಿ, ಹೊರಡಲೋ ಬೇಡವೋ ಎಂದು ಒಂದು ಗಳಿಗೆ ಕಾದು, ಹೊರಟೇಬಿಟ್ಟ.

"ಹೋಗಲಿ ಬಿಡಮ್ಮ," ಎಂದ ಜಯಪಾಲ, ತನ್ನ ಕಾರಿನ ಬಾಗಿಲು ತೆರೆದು ಹಿಡಿದು. "ಬಾಣಂತಿ ಸಿಟ್ಟು, ಎಷ್ಟು ದಿನ? ನಮ್ಮ ಕುಟುಂಬದ ಹೆಣ್ಣು, ಎಲ್ಲಿಗೆ ಹೋಗ್ತದೆ? ಹದಿನಾರನೇ ದಿನ ಹೆಸರಿಡುವುದಕ್ಕೆ ನಾನೇ ಹೋಗಿ ಕರ್ಕೊಂಡು ಬರ್ತೇನೆ. ಹತ್ತು, ಹತ್ತು. ಹೋಟೆಲಿಗೆ ತಡ ಆಗ್ತದೆ."

ಗುಣವತಿ ಕೈ ಎತ್ತಿದ್ದು ಅವಳಿಗೇ ಗೊತ್ತಾಗಲಿಲ್ಲ. ಆಸ್ಪತ್ರೆಯ ಗೇಟಿನೆದುರು, ಹಣ್ಣು ಮಾರುವವರು, ರಿಕ್ಷಾದವರು, ಬಸ್ಸಿಗೆ ಕಾದವರು ಎಲ್ಲರೂ ನೋಡುತ್ತಿರುವಂತೆ ಯಜಮಾನನ ಕೆನ್ನೆಗೆ ಬಾರಿಸಿದಳು. ಅವನ ಕನ್ನಡಕ ಹಾರಿ ಬಾನೆಟ್ಟಿನ ಮೇಲೆ ಬಿತ್ತು.

"ಅಮ್ಮ!" ಎಂದ ಅವನು, ಕೆನ್ನೆ ಹಿಡಿದುಕೊಂಡು. "ಯಾಕೆ?"

ಯಾಕೆ ಎಂದು ಕೇಳಿದನಲ್ಲ! ಅವನಿಗೆ ಹೇಳಿ ಪ್ರಯೋಜನವಿಲ್ಲ ಎಂದು ಗುಣವತಿಗೆ ಆಗ ಖಾತ್ರಿಯಾಯಿತು. ಅವಳು ರಸ್ತೆ ದಾಟಿ ಬಸ್ಸು ನಿಲ್ಲುವಲ್ಲಿಗೆ ಹೋದಳು.

"ಶಕ್ತಿನಗರದ ಬಸ್ಸು ಇಲ್ಲಿ ನಿಲ್ತದಾ?" ಎಂದು ಅಲ್ಲಿದ್ದ ಹೆಂಗಸನ್ನು ಕೇಳಿದಳು.

"ನಿಲ್ತದೆ. ಅಲ್ಲಿ ಯಾರಿದ್ದಾರೆ ನಿಮಗೆ?"

"ಮಗಳು, ಅವಳ ಗಂಡನ ಮನೆಯಲ್ಲಿ," ಎಂದಳು ಗುಣವತಿ. "ಒಳಗೆ ಕರೀತಾಳೋ ಇಲ್ವೋ ಗೊತ್ತಿಲ್ಲ. ಕರೆಯದಿದ್ದರೆ ಜಗಲಿಯಲ್ಲಿ ಕೂತಿರ್ತೇನೆ."